ಎಂಬಿಎ ಮತ್ತು ಪುಸ್ತಕದ ಬದನೆಕಾಯಿ

ಎಂಬಿಎ ಕಾಲೇಜುಗಳ ಎದುರಿನ ಜೆರಾಕ್ಸ್ ಅಂಗಡಿಗಳಿಗೆ ವರ್ಷಕ್ಕೊಂದು ಸುಗ್ಗಿ ಬರುತ್ತದೆ. ಅದು ಪ್ರಾಜೆಕ್ಟ್ ರಿಪೋರ್ಟ್ ಕೊಡುವ ವಾರ. ಸ್ಪೈರಲ್ ಬೈಂಡಿಂಗಾ, ಹಾರ್ಡ್ ಬೈಂಡಿಂಗಾ, ಮೇಲೆ ಗೋಲ್ಡನ್ ಅಕ್ಷರ ಬೇಕಾ ಅಂತ ಅಂಗಡಿಯವರು ವಿಚಾರಿಸುತ್ತಾರೆ. ಒಳಗೇನಿದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ನಾನೂ ಆ ಸಾಲಿನಲ್ಲಿ ನಿಂತವನೇ. ನನ್ನ ಪ್ರಾಜೆಕ್ಟ್ ಒಂದು ಕಾರ್ಖಾನೆಯ ವರ್ಕಿಂಗ್ ಕ್ಯಾಪಿಟಲ್ ಬಗ್ಗೆ. ಮೊದಲ ದಿನವೇ ಎಚ್‌ಆರ್ ಅವರು ಹಳೇ ಬ್ಯಾಲೆನ್ಸ್ ಶೀಟು, ಕಂಪನಿ ಪ್ರೊಫೈಲು ಎರಡನ್ನೂ ಕೈಗಿಟ್ಟು, "ಕೊನೇ ದಿನ ಬಾಪ್ಪಾ, ಸರ್ಟಿಫಿಕೇಟ್ ಕೊಡ್ತೀನಿ" ಅಂದರು. ನಾನು ಆ ಗೇಟು ದಾಟಿದ್ದು ಒಟ್ಟು ಎರಡೇ ಸಲ. ಕಂಪನಿಯ ಸ್ಥಿತಿ ತೃಪ್ತಿಕರವಾಗಿದೆ ಅಂತ ಬರೆದೆ, ವೈವಾ ಮುಗಿಯಿತು, ಪಾಸಾದೆ. ವರ್ಕಿಂಗ್ ಕ್ಯಾಪಿಟಲ್ ಅಂದರೇನು ಅಂತ ನಿಜವಾಗಿ ತಿಳಿದದ್ದು ಆಮೇಲೆ, ಸೋದರಮಾವನ ದಿನಸಿ ಅಂಗಡಿಯಲ್ಲಿ ಉದ್ರಿ ಪುಸ್ತಕ ತಿರುವಿ ಹಾಕುವಾಗ. ಉದ್ರಿ ವಸೂಲಾಗುವುದು ಸುಗ್ಗಿಯಲ್ಲಿ, ಹೋಲ್‌ಸೇಲಿನವನು ಬಂದು ನಿಲ್ಲುವುದು ಪ್ರತಿ ಸೋಮವಾರ. ನಡುವಿನ ದುಡ್ಡು ಎಲ್ಲಿಂದ ತರಬೇಕು? ಇಷ್ಟೇ ಪಾಠ. ನನ್ನ ಗೋಲ್ಡನ್ ಅಕ್ಷರದ ರಿಪೋರ್ಟಿನಲ್ಲಿ ಇದು ಎಲ್ಲೂ ಇರಲಿಲ್ಲ.

ಈಗ ಎಲ್ಲ ಕಾಲೇಜಿನ ಬ್ರೋಷರಿನಲ್ಲೂ 'ಎಕ್ಸ್‌ಪೀರಿಯೆನ್ಷಿಯಲ್ ಲರ್ನಿಂಗ್' ಅಂತ ಇರುತ್ತದೆ. ಮಾಡಿ ಕಲಿಯುವುದು, ಅಷ್ಟೇ. ಏನೋ ಹೊಸದು ಕಂಡುಹಿಡಿದ ಹಾಗೆ ಹೇಳಿಕೊಳ್ಳುತ್ತಾರೆ. ಆದರೆ ಈ ತಗಾದೆ ಎಂಬಿಎಯಷ್ಟೇ ಹಳೆಯದು.

ಹಾರ್ವರ್ಡ್ ವಿಶ್ವವಿದ್ಯಾಲಯ ಬಿಸಿನೆಸ್ ಸ್ಕೂಲ್ ತೆರೆದದ್ದು 1908ರಲ್ಲಿ. ವ್ಯಾಪಾರವನ್ನು ಕ್ಲಾಸಿನಲ್ಲಿ ಕಲಿಸುವುದು ಹೇಗೆ ಅಂತ ಅಲ್ಲಿನ ಮೇಷ್ಟ್ರುಗಳಿಗೇ ಸ್ಪಷ್ಟವಿರಲಿಲ್ಲ. ಶುರುವಿನ ವರ್ಷಗಳಲ್ಲಿ ಆರ್ಚ್ ಶಾ ಅನ್ನುವ ಪ್ರಕಾಶಕರೊಬ್ಬರು ಒಂದು ಉಪಾಯ ಮಾಡಿದರು. ಒಬ್ಬ ವ್ಯಾಪಾರಿಯನ್ನು ಕ್ಲಾಸಿಗೆ ಕರೆಸುವುದು. ಆತ ತನ್ನ ತಲೆ ತಿನ್ನುತ್ತಿರುವ ಒಂದು ಸಮಸ್ಯೆಯನ್ನು ಹೇಳಬೇಕು. ಮುಂದಿನ ಕ್ಲಾಸಿಗೆ ಹುಡುಗರು ತಮ್ಮ ಪರಿಹಾರ ಬರೆದು ತರಬೇಕು. ಅದರ ಮುಂದಿನ ಕ್ಲಾಸಿನಲ್ಲಿ ಅದೇ ವ್ಯಾಪಾರಿ ಕೂತು, ಇದು ನಡೆಯುತ್ತೆ, ಇದು ನಡೆಯಲ್ಲ ಅಂತ ಮುಖದ ಮೇಲೆ ಹೇಳುತ್ತಿದ್ದ. ನನಗೆ ಈ ಇಡೀ ಇತಿಹಾಸದಲ್ಲಿ ತುಂಬಾ ಇಷ್ಟವಾಗುವ ದೃಶ್ಯ ಇದು. ಹುಡುಗರ ಉತ್ತರಕ್ಕಾಗಿ ಒಬ್ಬ ಮನುಷ್ಯ ನಿಜವಾಗಿ ಕಾಯುತ್ತಿದ್ದ.

ಆದರೆ ವಾರವಾರ ವ್ಯಾಪಾರಿಗಳನ್ನು ಎಲ್ಲಿಂದ ಹಿಡಿದು ತರುವುದು? 1919ರಲ್ಲಿ ಡೀನ್ ಆದ ವ್ಯಾಲೇಸ್ ಡೋನಮ್ ಕಾನೂನು ಓದಿದವರು. ಹಾರ್ವರ್ಡಿನ ಕಾನೂನು ಶಾಲೆಯಲ್ಲಿ 1870ರಿಂದಲೇ ಕೋರ್ಟಿನ ತೀರ್ಪುಗಳನ್ನು ಮುಂದಿಟ್ಟುಕೊಂಡು ಪಾಠ ಮಾಡುವ ಪದ್ಧತಿಯಿತ್ತು. ವ್ಯಾಪಾರದಲ್ಲಿ ತೀರ್ಪುಗಳ ಕಡತ ಎಲ್ಲಿಂದ ಬರಬೇಕು? ಹಾಗಾಗಿ ಕಂಪನಿಗಳಿಗೆ ಜನರನ್ನು ಕಳಿಸಿ, ಅಲ್ಲಿ ನಡೆದದ್ದನ್ನು ಬರೆಸಿಕೊಂಡು ಬಂದರು. 1920ರಲ್ಲಿ ಮೆಲ್ವಿನ್ ಕೋಪ್‌ಲ್ಯಾಂಡ್ ಮಾರ್ಕೆಟಿಂಗ್ ವಿಷಯದ ಮೊದಲ ಕೇಸ್ ಸಂಗ್ರಹ ತಂದರು. ಇಂದು ಜಗತ್ತಿನಾದ್ಯಂತ ಎಂಬಿಎ ಹುಡುಗರು ರಾತ್ರಿ ನಿದ್ದೆಗೆಟ್ಟು ಓದುವ 'ಕೇಸ್' ಹುಟ್ಟಿದ್ದು ಹೀಗೆ.

ಕೇಸ್ ಪದ್ಧತಿಯನ್ನು ನಾನು ಹಳಿಯುವುದಿಲ್ಲ. ನೋಟ್ಸ್ ಡಿಕ್ಟೇಟ್ ಮಾಡುವುದಕ್ಕಿಂತ ಸಾವಿರ ಪಾಲು ಮೇಲು. ಆ ಕಾಲಕ್ಕೆ ಇದೇ ಪ್ರಾಕ್ಟಿಕಲ್ ಕಲಿಕೆ ಅಂತ ಹೊಗಳಿಸಿಕೊಂಡಿತ್ತು. ಆದರೆ ಅದಲು ಬದಲಾದದ್ದು ಒಂದಿದೆ. ಸಮಸ್ಯೆ ಹಾಳೆಗೆ ಬಂತು, ಸಮಸ್ಯೆಯವನು ಕ್ಲಾಸಿನಿಂದ ಎದ್ದು ಹೋದ. ಹುಡುಗ ತಪ್ಪು ಉತ್ತರ ಕೊಟ್ಟರೂ ಯಾರ ಅಂಗಡಿಯೂ ಮುಚ್ಚುವುದಿಲ್ಲ.

ಮುಂದೆ ಲೋಲಕ ಇನ್ನೊಂದು ತುದಿಗೆ ಹೋಯಿತು. 1959ರಲ್ಲಿ ಫೋರ್ಡ್ ಫೌಂಡೇಶನ್ ಮತ್ತು ಕಾರ್ನೆಗಿ ಸಂಸ್ಥೆ ಮಾಡಿಸಿದ ಎರಡು ವರದಿಗಳು ಅಮೆರಿಕದ ಬಿಸಿನೆಸ್ ಶಾಲೆಗಳನ್ನು ಚೆನ್ನಾಗಿ ಝಾಡಿಸಿದವು. ಇಲ್ಲಿ ಓದೇ ಸಾಲದು, ಗಣಿತ ಸಾಲದು, ಸಂಶೋಧನೆ ಸಾಲದು ಅನ್ನುವುದು ಅವುಗಳ ದೂರು. ಶಾಲೆಗಳು ಪಿಎಚ್‌ಡಿ ಮೇಷ್ಟ್ರುಗಳನ್ನು ತಂದವು, ಮಾಡೆಲ್ಲುಗಳನ್ನು ತಂದವು. ಮರ್ಯಾದೆ ಸಿಕ್ಕಿತು. ಬರುಬರುತ್ತಾ ಕಾರ್ಖಾನೆ ನೋಡದ ಮೇಷ್ಟ್ರು, ಕಾರ್ಖಾನೆ ನೋಡದ ಹುಡುಗರಿಗೆ ಕಾರ್ಖಾನೆ ನಡೆಸುವುದು ಕಲಿಸುವ ಸ್ಥಿತಿಯೂ ಬಂತು.

ವಾಪಸ್ ತಿರುಗಲು ಮೂವತ್ತು ವರ್ಷ ಹಿಡಿಯಿತು. ಮಿಷಿಗನ್ ವಿಶ್ವವಿದ್ಯಾಲಯ 1992ರಲ್ಲಿ ಮೊದಲ ವರ್ಷದ ಎಂಬಿಎಗಳನ್ನು ತಂಡ ಮಾಡಿ ಕಂಪನಿಗಳಿಗೆ ಕಳಿಸಲು ಶುರುಮಾಡಿತು. ಏಳು ವಾರ ಬೇರೆ ಕ್ಲಾಸಿಲ್ಲ, ಆ ಕಂಪನಿಯ ಒಂದು ಸಮಸ್ಯೆಯೇ ಪಾಠ. ಹಾರ್ವರ್ಡ್ ಮಾತ್ರ ತನ್ನ ಕೇಸ್ ಬಿಟ್ಟುಕೊಡಲಿಲ್ಲ. 2008ರ ಹಣಕಾಸು ಕುಸಿತ ಬಂದಾಗ, ಇಷ್ಟೆಲ್ಲಾ ಎಂಬಿಎಗಳಿದ್ದೂ ಹೀಗ್ಯಾಕಾಯ್ತು ಅಂತ ಜನ ಕೇಳತೊಡಗಿದರು. 2010ರಲ್ಲಿ ನಿತಿನ್ ನೊಹ್ರಿಯಾ ಡೀನ್ ಆದರು. 2011ರಿಂದ ಅಲ್ಲಿನ ಸುಮಾರು 900 ಮೊದಲ ವರ್ಷದ ವಿದ್ಯಾರ್ಥಿಗಳಿಗೆ 'ಫೀಲ್ಡ್' ಅನ್ನುವ ಕೋರ್ಸ್ ಕಡ್ಡಾಯವಾಯಿತು. ಆಗ ಬೇರೆ ದೇಶದ ಕಂಪನಿಗೆ ಹೋಗಿ ಕೆಲಸ ಮಾಡಬೇಕಿತ್ತು, ತಂಡ ಕಟ್ಟಿ ಪುಟ್ಟ ವ್ಯಾಪಾರ ಶುರು ಮಾಡಬೇಕಿತ್ತು. ಹೀಗೆ ನೂರು ವರ್ಷ ಸುತ್ತಿ ಬಂದು ಹಾರ್ವರ್ಡ್ ಮತ್ತೆ ಆ ವ್ಯಾಪಾರಿಯ ಎದುರು ಕೂತಿತು.

ನಮ್ಮ ದೇಶದ ಮೊದಲ ಐಐಎಂಗಳು ಬಂದದ್ದು ಈ ಎರಡೂ ಬಾಗಿಲಿನಿಂದ, ಒಂದು ಗಣಿತದ್ದು, ಇನ್ನೊಂದು ಕೇಸಿನದು. 1961ರಲ್ಲಿ ಶುರುವಾದ ಕೋಲ್ಕತ್ತದ ಐಐಎಂಗೆ ಅಮೆರಿಕದ ಎಂಐಟಿಯ ನೆರವು, ಅದೇ ವರ್ಷದ ಅಹಮದಾಬಾದ್ ಐಐಎಂಗೆ ಹಾರ್ವರ್ಡಿನ ನೆರವು. ಅಹಮದಾಬಾದಿಗೆ ಕೇಸ್ ಪದ್ಧತಿಯೂ ಜೊತೆಗೇ ಬಂತು. ಆದರೆ ಕತೆಯ ಬೇರೊಂದು ಎಳೆ ಸಿಗುವುದು ರವಿ ಮಥಾಯ್ ಅವರಲ್ಲಿ. 1965ರಲ್ಲಿ ಅಲ್ಲಿನ ಮೊದಲ ಪೂರ್ಣಾವಧಿ ನಿರ್ದೇಶಕರಾದ ಅವರು 1972ರಲ್ಲಿ ತಾವೇ ಕುರ್ಚಿ ಬಿಟ್ಟು, ಅದೇ ಸಂಸ್ಥೆಯಲ್ಲಿ ಬರೀ ಮೇಷ್ಟ್ರಾಗಿ ಉಳಿದರು. ನಮ್ಮಲ್ಲಿ ಹೀಗೆ ಮಾಡುವವರು ಎಷ್ಟು ಜನ, ಅಲ್ವಾ? 1975ರಲ್ಲಿ ರಾಜಸ್ಥಾನದ ಅಜ್ಮೇರ್ ಜಿಲ್ಲೆಯ ಜವಾಜಾ ಅನ್ನುವ ಬರಡು ಬ್ಲಾಕಿಗೆ ಹೋದರು. ಸುಮಾರು 200 ಹಳ್ಳಿ, 80 ಸಾವಿರ ಜನ. ಜನ ಬಿಟ್ಟರೆ ಇಲ್ಲಿ ಬೇರೆ ಸಂಪನ್ಮೂಲವೇ ಇಲ್ಲ ಅನ್ನುವಂಥ ಜಾಗ. ಹಾಗಾದರೆ ಜನರಿಂದಲೇ ಶುರು ಮಾಡೋಣ ಅಂದರು ಮಥಾಯ್. ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನವರೂ ಕೈಜೋಡಿಸಿದರು. ಚರ್ಮದ ಕೆಲಸದವರು, ನೇಕಾರರು ಹೊಸ ಮಾಲು ಮಾಡುವುದನ್ನು, ತಾವೇ ಲೆಕ್ಕ ಇಡುವುದನ್ನು, ಮಾರುಕಟ್ಟೆಯ ಜೊತೆ ನೇರ ವ್ಯವಹರಿಸುವುದನ್ನು ಕಲಿತರು. ಮ್ಯಾನೇಜ್‌ಮೆಂಟ್ ಮೇಷ್ಟ್ರುಗಳು, ತಮ್ಮ ಪುಸ್ತಕದ ಬದನೆಕಾಯಿ ಅಡುಗೆಗೆ ಎಷ್ಟು ಬರುತ್ತದೆ ಅನ್ನುವುದನ್ನು ಕಲಿತರು.

1979ರಲ್ಲಿ ವರ್ಗೀಸ್ ಕುರಿಯನ್ ಗುಜರಾತಿನ ಆನಂದ್‌ನಲ್ಲಿ ಕಟ್ಟಿದ ಗ್ರಾಮೀಣ ಮ್ಯಾನೇಜ್‌ಮೆಂಟ್ ಸಂಸ್ಥೆ 'ಇರ್ಮಾ' ಇದನ್ನು ಸಿಲಬಸ್ಸಿಗೇ ಸೇರಿಸಿತು. ಅಲ್ಲಿನ ವಿದ್ಯಾರ್ಥಿಗಳು ವಾರಗಟ್ಟಲೆ ಹಳ್ಳಿಯಲ್ಲೇ ಉಳಿಯಬೇಕು.

ನಮ್ಮ ಕರಾವಳಿಯಲ್ಲೂ ಒಂದು ಚೆಂದದ ಪ್ರಯೋಗವಿದೆ. ಟಿ.ಎ. ಪೈ ಅವರ ಹೆಸರಿನ ಮಣಿಪಾಲದ ಮ್ಯಾನೇಜ್‌ಮೆಂಟ್ ಸಂಸ್ಥೆ ಟ್ಯಾಪ್ಮಿ 'ಬ್ರ್ಯಾಂಡ್‌ಸ್ಕ್ಯಾನ್' ಅನ್ನುವ ಮೇಳ ನಡೆಸುತ್ತದೆ. ಜಮ್‌ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐ ಮ್ಯಾನೇಜ್‌ಮೆಂಟ್ ಸಂಸ್ಥೆಯಲ್ಲೂ ಇಂಥದ್ದೇ ಮೇಳವುಂಟು. ನೋಡಲು ಜಾತ್ರೆ, ಒಳಗೆ ಮಾರುಕಟ್ಟೆ ಸಮೀಕ್ಷೆ. ಕಂಪನಿಗಳು ಕೊಟ್ಟ ಪ್ರಶ್ನೆಯನ್ನು ವಿದ್ಯಾರ್ಥಿಗಳು ಆಟವಾಗಿ ಮಾರ್ಪಡಿಸುತ್ತಾರೆ. ಪ್ರಶ್ನಾವಳಿ ಹಿಡಿದು "ಈ ಸೋಪು ಯಾಕೆ ಕೊಳ್ತೀರಿ" ಅಂದರೆ ಜನ ಸುಮ್ನೆ "ಕ್ವಾಲಿಟಿ" ಅಂದುಬಿಡುತ್ತಾರೆ. ಅದೇ ಕಣ್ಣುಕಟ್ಟಿ ವಾಸನೆ ಗುರುತಿಸುವ ಆಟ ಇಟ್ಟು ನೋಡಿ. ಯಾವುದಕ್ಕೆ ಕೈ ಮೊದಲು ಹೋಯಿತು, ಯಾವುದನ್ನು ಮೂಗಿನಿಂದ ದೂರ ಇಟ್ಟರು ಅನ್ನುವುದು ಅವರಿಗೇ ಗೊತ್ತಾಗದ ಹಾಗೆ ಹೊರಬರುತ್ತದೆ. ಆಟ ಸಪ್ಪೆಯಾದರೆ ಸ್ಟಾಲಿಗೆ ಜನ ಬರುವುದಿಲ್ಲ. ಅದಕ್ಕಿಂತ ಖಡಕ್ ಪರೀಕ್ಷೆ ಬೇಕಾ?

ಇನ್ನು ಸಮ್ಮರ್ ಇಂಟರ್ನ್‌ಶಿಪ್. ದೊಡ್ಡ ಸಂಸ್ಥೆಗಳಲ್ಲಿ ಎರಡು ವರ್ಷದ ನಡುವಿನ ಬೇಸಿಗೆಯಲ್ಲಿ ಎರಡು ತಿಂಗಳು. ಕಲಿಯಲಿ ಅಂತ ಇಟ್ಟದ್ದು, ಈಗ ಅದೊಂದು ಉದ್ದನೆಯ ಇಂಟರ್ವ್ಯೂ. ಹುಡುಗರ ಬಾಯಲ್ಲಿ 'ಪಿಪಿಒ ಬಂತಾ' ಅನ್ನುವುದೊಂದೇ ಮಾತು. ಓದು ಮುಗಿಯುವ ಮೊದಲೇ ಕೊಡುವ ಆ ಕೆಲಸದ ಆಫರ್ ಕೈಗೆ ಬರಬೇಕಾದರೆ ತಪ್ಪು ಮಾಡುವಂತಿಲ್ಲ. ತಪ್ಪು ಮಾಡದೆ ಎಂಥ ಕಲಿಕೆ?

ಸಣ್ಣ ಊರಿನ ಕಾಲೇಜುಗಳ ಪಾಡು ಬೇರೆ. ಅಲ್ಲಿ ಪ್ರಾಜೆಕ್ಟಿಗೆ ಅಂಕ ಇದೆ, ಗೈಡ್ ಇದ್ದಾರೆ, ಫಾರ್ಮ್ಯಾಟ್ ಇದೆ. ಒಬ್ಬ ಗೈಡ್ ಕೈಕೆಳಗೆ ಹತ್ತಿಪ್ಪತ್ತು ಹುಡುಗರು, ಅವರ ಜೊತೆ ಕಂಪನಿಗೆ ಹೋಗಲು ಆಕೆಗೆ ಪುರುಸೊತ್ತಿಲ್ಲ. ಕಂಪನಿಗೆ ಆ ಉತ್ತರ ಬೇಕಿಲ್ಲ. ಹಾಗಾಗಿ ನೂರು ಜನರ ಗೂಗಲ್ ಫಾರ್ಮ್, ನಾಲ್ಕು ಪೈ ಚಾರ್ಟ್, 'ಬಹುತೇಕ ಗ್ರಾಹಕರು ತೃಪ್ತರಾಗಿದ್ದಾರೆ' ಅನ್ನುವ ಸಾಲು. ಅರವತ್ತು ವರ್ಷದ ಐಐಎಂ ಕತೆಯಲ್ಲಿ ಈ ಹುಡುಗರು ಬರುವುದೇ ಇಲ್ಲ, ಸಂಖ್ಯೆಯಲ್ಲಿ ಇವರೇ ಜಾಸ್ತಿ.

ನನ್ನ ಗೆಳತಿಯೊಬ್ಬಳು ಇಂಥದ್ದೇ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಹೋದ ವರ್ಷ ಅವಳ ವಿದ್ಯಾರ್ಥಿನಿಯೊಬ್ಬಳಿಗೆ ಯಾವ ಕಂಪನಿಯೂ ಪ್ರಾಜೆಕ್ಟ್ ಕೊಡಲಿಲ್ಲ. ಬೇರೆ ದಾರಿಯಿಲ್ಲದೆ ತನ್ನೂರಿನ ಹಾಲಿನ ಡೇರಿಗೆ ಹೋದಳು. ಸದಸ್ಯರು ಸೊಸೈಟಿ ಬಿಟ್ಟು ಖಾಸಗಿಯವರಿಗೆ ಯಾಕೆ ಹಾಲು ಹಾಕುತ್ತಿದ್ದಾರೆ ಅನ್ನುವುದು ಅಲ್ಲಿನ ಕಾರ್ಯದರ್ಶಿಗೆ ನಿಜಕ್ಕೂ ತಲೆನೋವಾಗಿತ್ತು. ಬೆಳಗ್ಗೆ ಆರಕ್ಕೆ ಕ್ಯಾನ್‌ಗಳ ಸಾಲಿನ ಪಕ್ಕ ನಿಂತು, ಫ್ಯಾಟ್ ಎಷ್ಟು ಬಂತು, ಬಟವಾಡೆ ಯಾವತ್ತು ಆಯಿತು ಅಂತ ಹುಡುಗಿ ಮೂರು ವಾರ ಬರೆದುಕೊಂಡಳು. ರಿಪೋರ್ಟ್ 72 ಪುಟ, ಇಂಗ್ಲಿಷಿನಲ್ಲಿ. ಬೈಂಡಿಂಗ್ ಆಗಿ ಬಂದ ದಿನ ಕಾರ್ಯದರ್ಶಿ ಫೋನ್ ಮಾಡಿದರು. "ನಂಗೂ ಒಂದು ಕಾಪಿ ಕೊಡಮ್ಮ, ಕನ್ನಡದಲ್ಲಿ. ಮೀಟಿಂಗಲ್ಲಿ ಓದ್ಬೇಕು."

ಅವಳು ಕೂತು ಕನ್ನಡದಲ್ಲಿ ಬರೆದಳು. ನಾಲ್ಕು ಪುಟ ಆಯಿತಂತೆ.