ಬೀಳುವ ವಿದ್ಯೆ ಮತ್ತು ಮಿಸಾವಾ ಅವರ ಕುತ್ತಿಗೆ

ಜಪಾನಿನಲ್ಲಿ ಪುರೊರೆಸು ಎಂದು ಕರೆಯುವ ವೃತ್ತಿಪರ ಕುಸ್ತಿಯ ಗರಡಿಗೆ ಸೇರಿದ ಹುಡುಗ ಎದುರಾಳಿಯನ್ನು ಕೆಡವುವ ಪಟ್ಟುಗಳಿಗೆ ಕೈಹಾಕುವ ಮೊದಲು ತಾನು ಬೀಳುವುದನ್ನು ಕಲಿಯಬೇಕು. ಈ ವಿದ್ಯೆಗೆ ಉಕೆಮಿ ಎಂದು ಹೆಸರು. ಜೂಡೊದಲ್ಲಿಯೂ ಬಳಕೆಯಲ್ಲಿರುವ ಈ ಪದವನ್ನು ಬಿಡಿಸಿದರೆ 'ಸ್ವೀಕರಿಸುವ ಮೈ' ಎಂಬ ಅರ್ಥ ಬರುತ್ತದೆ. ತಮ್ಮ ತಲೆಮಾರಿನಲ್ಲಿ ಉಕೆಮಿಯನ್ನು ಮಿತ್ಸುಹಾರು ಮಿಸಾವಾ ಅವರಷ್ಟು ಚೆನ್ನಾಗಿ ಬಲ್ಲವರು ಇಲ್ಲವೆಂದು ಅಲ್ಲಿಯ ಕುಸ್ತಿಪ್ರಿಯರು ಇಂದಿಗೂ ಹೇಳುತ್ತಾರೆ. ಅಂಥ ಮಿಸಾವಾ 2009ರ ಜೂನ್ 13ರಂದು ಹಿರೋಶಿಮಾದ ಅಖಾಡದಲ್ಲಿ ಬಿದ್ದು ತೀರಿಕೊಂಡರು. ಬೀಳುವುದರಲ್ಲೇ ಪಳಗಿದವರು ಬಿದ್ದು ಸತ್ತದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಭೌತಶಾಸ್ತ್ರ, ಅಂಗರಚನಾಶಾಸ್ತ್ರ ಮತ್ತು ಅವರ ಇಪ್ಪತ್ತೆಂಟು ವರ್ಷಗಳ ವೃತ್ತಿಜೀವನ ಮೂರನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

1962ರಲ್ಲಿ ಹೊಕ್ಕೈದೊ ದ್ವೀಪದ ಕಲ್ಲಿದ್ದಲು ಗಣಿಗಳ ಊರಾದ ಯೂಬಾರಿಯಲ್ಲಿ ಹುಟ್ಟಿ, ಶಾಲಾದಿನಗಳಲ್ಲಿ ಹವ್ಯಾಸಿ ಕುಸ್ತಿಯಲ್ಲಿ ಹೆಸರು ಮಾಡಿದ್ದ ಮಿಸಾವಾ, 1981ರಲ್ಲಿ ಜೈಂಟ್ ಬಾಬಾ ಅವರ ಆಲ್ ಜಪಾನ್ ಪ್ರೊ ರೆಸ್ಲಿಂಗ್ ಸಂಸ್ಥೆಯನ್ನು ಸೇರಿದರು. 1984ರಲ್ಲಿ ಅವರ ಮುಖಕ್ಕೆ ಹುಲಿಯ ಮುಖವಾಡ ಬಂತು. ಎರಡನೆಯ 'ಟೈಗರ್ ಮಾಸ್ಕ್' ಆಗಿ ಅವರು ಹಗ್ಗಗಳ ಮೇಲಿಂದ ಹಾರುವ, ಗಾಳಿಯಲ್ಲಿ ತಿರುಗುವ ಆಟವನ್ನು ಆರು ವರ್ಷ ಆಡಿದರು. 1989ರಲ್ಲಿ ಮೊಣಕಾಲಿಗೆ ದೊಡ್ಡ ಪೆಟ್ಟಾಗಿ ತಿಂಗಳುಗಟ್ಟಲೆ ಹೊರಗುಳಿಯಬೇಕಾಯಿತು. 1990ರ ಮೇ 14ರಂದು ಟೋಕಿಯೊದಲ್ಲಿ ಪಂದ್ಯದ ನಡುವೆಯೇ ಜೊತೆಗಾರ ತೊಶಿಯಾಕಿ ಕವಾದಾ ಅವರಿಂದ ಮುಖವಾಡದ ದಾರ ಬಿಚ್ಚಿಸಿಕೊಂಡು ಅದನ್ನು ಕಿತ್ತೆಸೆದ ಮಿಸಾವಾ, ಮೂರೂವರೆ ವಾರಗಳ ನಂತರ ಸಂಸ್ಥೆಯ ಅಗ್ರಗಣ್ಯ ಜಂಬೊ ತ್ಸುರುತಾ ಅವರನ್ನು ಬುಡೊಕಾನ್ ಸಭಾಂಗಣದಲ್ಲಿ ಸೋಲಿಸಿದರು. ಮುಂದಿನ ಹತ್ತು ವರ್ಷ ಆಲ್ ಜಪಾನ್‌ನ ಭಾರವೆಲ್ಲ ಅವರ ಹೆಗಲ ಮೇಲಿತ್ತು. ನಿಜ ಹೇಳಬೇಕೆಂದರೆ ಕುತ್ತಿಗೆಯ ಮೇಲಿತ್ತು.

ಪ್ರೊ ರೆಸ್ಲಿಂಗ್‌ನಲ್ಲಿ ಗೆಲ್ಲುವವರು ಯಾರೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಹಾಗಾಗಿ ಟಿವಿಯಲ್ಲಿ ನೋಡಿದವರು 'ಅದೆಲ್ಲ ಬರೀ ನಾಟಕ' ಎಂದು ತಳ್ಳಿಹಾಕುವುದುಂಟು. ಆದರೆ ಗುರುತ್ವಾಕರ್ಷಣೆಯೊಂದಿಗೆ ಯಾವ ಒಪ್ಪಂದವೂ ನಡೆಯುವುದಿಲ್ಲ. ಮಿಸಾವಾ ಅವರ ತೂಕ ಸುಮಾರು 110 ಕಿಲೊ. ಎದುರಾಳಿ ಹಿಂದಿನಿಂದ ಸೊಂಟ ತಬ್ಬಿ, ಎತ್ತಿ, ತಾನೂ ಹಿಂದಕ್ಕೆ ಬಾಗುತ್ತ ಎಸೆಯುವಾಗ ಅಷ್ಟು ತೂಕದ ದೇಹದ ಗುರುತ್ವಕೇಂದ್ರ ಒಂದೂವರೆ ಮೀಟರ್ ಇಳಿಯುತ್ತದೆ ಎಂದುಕೊಂಡರೆ, ನೆಲ ಮುಟ್ಟುವ ಹೊತ್ತಿಗೆ ವೇಗ ಸೆಕೆಂಡಿಗೆ 5.4 ಮೀಟರ್, ಅಂದರೆ ಗಂಟೆಗೆ ಹತ್ತೊಂಬತ್ತು ಕಿಲೊಮೀಟರಿಗೂ ತುಸು ಹೆಚ್ಚು. ಚಲನಶಕ್ತಿ 1,600 ಜೌಲ್‌ಗಳಷ್ಟು. ಈ ಶಕ್ತಿ ಎಲ್ಲಾದರೂ ಕರಗಲೇಬೇಕು. ರಿಂಗಿನ ನೆಲವೆಂದರೆ ಉಕ್ಕಿನ ತೊಲೆಗಳ ಮೇಲೆ ಹಲಗೆ, ಅದರ ಮೇಲೆ ತೆಳ್ಳನೆಯ ಮೆತ್ತೆ, ಮೇಲೆ ಬಿಗಿದ ಕ್ಯಾನ್ವಾಸ್. ಹಲಗೆ ಬಾಗಿ, ಮೆತ್ತೆ ಅಮುಕಿ, ಮೈಯ ಮಾಂಸಖಂಡ ಕುಗ್ಗಿ ಒಟ್ಟು ಹತ್ತು ಸೆಂಟಿಮೀಟರಿನಲ್ಲಿ ದೇಹ ನಿಂತರೂ ಸರಾಸರಿ ಬಲ ಸುಮಾರು 16,000 ನ್ಯೂಟನ್, ಅಂದರೆ ದೇಹದ ತೂಕದ ಹದಿನೈದು ಪಟ್ಟು.

ಉಕೆಮಿಯ ಕೆಲಸ ಈ ಬಲವನ್ನು ಹಂಚುವುದು. ಗದ್ದವನ್ನು ಎದೆಗೆ ಒತ್ತಿ, ಬೆನ್ನಿನ ಮೇಲ್ಭಾಗವನ್ನು ಆದಷ್ಟೂ ಅಗಲವಾಗಿ ನೆಲಕ್ಕೊಡ್ಡಿ, ಅದೇ ಕ್ಷಣಕ್ಕೆ ತೋಳುಗಳಿಂದ ನೆಲವನ್ನು ಚಪ್ಪರಿಸಿದರೆ ಹೊಡೆತ ದೊಡ್ಡ ಹರವಿಗೆ ಹರಡಿಕೊಳ್ಳುತ್ತದೆ. ನೋಡುವವರಿಗೆ ಕೇಳಿಸುವ 'ಧಡ್' ಎಂಬ ಸದ್ದು ಭಯಂಕರವಾಗಿದ್ದರೂ ಸಾಮಾನ್ಯವಾಗಿ ಅದು ಸುರಕ್ಷಿತ ಬೀಳಿಕೆಯ ಸದ್ದೇ. ಅಷ್ಟೇ ಬಲ ನಡುನೆತ್ತಿಯ ಮೂಲಕ ಕುತ್ತಿಗೆಗೆ ಇಳಿದರೆ ಕಥೆ ಬೇರೆ. ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಮನುಷ್ಯನ ಕತ್ತಿನ ಮೂಳೆಸಾಲು ನೇರ ಒತ್ತಡಕ್ಕೆ ಕೆಲವೇ ಸಾವಿರ ನ್ಯೂಟನ್‌ಗಳಲ್ಲಿ ಕುಸಿದಿದೆ.

ಕತ್ತಿನಲ್ಲಿ ಏಳು ಕಶೇರುಮಣಿಗಳಿವೆ. ಸಹಜ ಭಂಗಿಯಲ್ಲಿ ಅವು ಮುಂದಕ್ಕೆ ಉಬ್ಬಿದ ಬಿಲ್ಲಿನಂತೆ ಜೋಡಣೆಗೊಂಡಿರುವುದರಿಂದ ಮೇಲಿನಿಂದ ಪೆಟ್ಟು ಬಿದ್ದರೆ ಬಿಲ್ಲು ಬಾಗಿ, ಸುತ್ತಲಿನ ಸ್ನಾಯುಗಳು ಒಂದಿಷ್ಟು ಶಕ್ತಿಯನ್ನು ಹೀರಿಕೊಳ್ಳುತ್ತವೆ. ತಲೆಯನ್ನು ಸುಮಾರು ಮೂವತ್ತು ಡಿಗ್ರಿ ಮುಂದಕ್ಕೆ ಬಗ್ಗಿಸಿದಾಗ ಆ ಬಿಲ್ಲು ನೆಟ್ಟಗಾಗಿ, ಮಣಿಗಳು ಒಂದರ ಮೇಲೊಂದು ಪೇರಿಸಿಟ್ಟ ಕಂಬದಂತಾಗುತ್ತವೆ. ಇದನ್ನು ಸ್ಪಷ್ಟಪಡಿಸಿದ್ದು ಅಮೆರಿಕದ ಫುಟ್‌ಬಾಲ್ ಆಟ. ಅಲ್ಲಿಯ ಕ್ರೀಡಾವೈದ್ಯ ಜೋಸೆಫ್ ಟಾರ್ಗ್ ಮತ್ತು ಸಂಗಡಿಗರು ಆಟಗಾರರ ಕತ್ತಿನ ಗಾಯಗಳನ್ನು ದಾಖಲಿಸಿ, ತಲೆ ತಗ್ಗಿಸಿ ನೆತ್ತಿಯಿಂದ ಗುದ್ದುವುದೇ ಮುಖ್ಯ ಕಾರಣವೆಂದು ತೋರಿಸಿದರು. 1976ರಲ್ಲಿ ಹಾಗೆ ಗುದ್ದುವುದನ್ನು ನಿಷೇಧಿಸಲಾಯಿತು. ಆ ವರ್ಷ 34 ಆಟಗಾರರು ಶಾಶ್ವತವಾಗಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡಿದ್ದರೆ 1984ರಲ್ಲಿ ಆ ಸಂಖ್ಯೆ ಐದಕ್ಕಿಳಿಯಿತು.

ಕುಸ್ತಿಪಟುವಿನ ಇಕ್ಕಟ್ಟು ಇರುವುದು ಇಲ್ಲಿಯೇ. ಬೆನ್ನ ಮೇಲೆ ಚಪ್ಪಟೆಯಾಗಿ ಬೀಳುವಾಗ ಹಿಂದಲೆಯನ್ನು ಕಾಯುವ ಅದೇ ಗದ್ದ ಒತ್ತುವ ಅಭ್ಯಾಸ, ನೆತ್ತಿ ಮೊದಲು ನೆಲ ಮುಟ್ಟಿದರೆ ಕುತ್ತಿಗೆಯನ್ನು ಅತ್ಯಂತ ಅಪಾಯದ ಭಂಗಿಯಲ್ಲಿ ನಿಲ್ಲಿಸುತ್ತದೆ. ದೇಹ ಸ್ವಲ್ಪ ಹೆಚ್ಚು ತಿರುಗಿದರೆ ಭಾರ ಹೆಗಲಿಗೆ ಹೋಗುತ್ತದೆ. ಸ್ವಲ್ಪ ಕಡಿಮೆಯಾದರೆ ತಲೆ ನಿಂತುಬಿಟ್ಟು, ಇನ್ನೂ ಚಲಿಸುತ್ತಿರುವ ಮುಂಡ ಹಿಂದಿನಿಂದ ಕತ್ತನ್ನು ಅರೆಯುತ್ತದೆ. ಹಾಗೆ ಕತ್ತು ಮುರಿಯಲು ಇಪ್ಪತ್ತು ಮಿಲಿಸೆಕೆಂಡೂ ಬೇಕಿಲ್ಲ. ಕತ್ತಿನ ಸ್ನಾಯುಗಳು ಪೆಟ್ಟನ್ನು ಅರಿತು ಬಿಗಿಯಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಎಂದರೆ ಉಕೆಮಿ ಪ್ರತಿಕ್ರಿಯೆಯಾಗಿ ನಡೆಯಲಾರದು, ಎಸೆತ ಶುರುವಾಗುವ ಮೊದಲೇ ಊಹೆಯಲ್ಲಿ ಮುಗಿದಿರಬೇಕು. ಮಿಸಾವಾ ಅವರ ಪ್ರತಿಭೆ ಇದ್ದದ್ದು ಆ ಊಹೆಯಲ್ಲಿ.

ಅವರಿಗಾಗಲೀ ಇತರರಿಗಾಗಲೀ ಆ ಪ್ರತಿಭೆಯಿಂದ ಒಳ್ಳೆಯದೇ ಆಯಿತೆಂದು ನನಗನ್ನಿಸುವುದಿಲ್ಲ. ಮಿಸಾವಾ, ಕವಾದಾ, ಅಕಿರಾ ತೌಯೆ, ಕೆಂತಾ ಕೊಬಾಶಿ ಈ ನಾಲ್ವರೂ ವಾರಗಟ್ಟಲೆ, ವರ್ಷಗಟ್ಟಲೆ ಪರಸ್ಪರರೊಂದಿಗೇ ಸೆಣಸುತ್ತಿದ್ದರು. ನಿನ್ನೆಯ ಎಸೆತಕ್ಕೆ ಪ್ರೇಕ್ಷಕ ಬೆಚ್ಚದಿದ್ದಾಗ ಇಂದಿನದು ಇನ್ನಷ್ಟು ಕಡಿದಾಗಬೇಕು. 1991ರಲ್ಲಿ ಮಿಸಾವಾ ಅವರೇ ತೌಯೆ ಮೇಲೆ ಹೊಸ ಪಟ್ಟೊಂದನ್ನು ಬಳಸಿದರು: ಎದುರಾಳಿಯ ಎರಡೂ ತೋಳುಗಳನ್ನು ಹಿಂದಿನಿಂದ ಸಿಕ್ಕಿಸಿ, ತಲೆಕೆಳಗಾಗಿ ಎತ್ತಿ, ಕತ್ತು ಮತ್ತು ಹೆಗಲಿನ ಮೇಲೆ ಕುಕ್ಕುವುದು. ತೋಳುಗಳು ಸೆರೆಯಾದ ಮೇಲೆ ಚಪ್ಪರಿಸಲು ಏನಿದೆ? ಉಕೆಮಿಯ ಅರ್ಧ ಭಾಗವನ್ನೇ ಕಿತ್ತುಕೊಂಡ ಪಟ್ಟು ಅದು.

1999ರ ಜನವರಿ 22ರ ಒಸಾಕಾ ಪಂದ್ಯವನ್ನು ಹತ್ತಿರದಿಂದ ನೋಡಬೇಕು. ಪಂದ್ಯದ ಮೊದಲ ಭಾಗದಲ್ಲೇ ಕವಾದಾ ಗಿರ್ರನೆ ತಿರುಗಿ ಕೈಯ ಹಿಂಬದಿಯಿಂದ ಮಿಸಾವಾ ತಲೆಗೆ ಹೊಡೆದರು. ಮುರಿದದ್ದು ಕವಾದಾ ಅವರ ಮುಂದೋಳಿನ ಮೂಳೆ. ನ್ಯೂಟನ್ನರ ಮೂರನೆಯ ನಿಯಮದ ಪ್ರಕಾರ ತಲೆಬುರುಡೆಗೂ ತೋಳಿಗೂ ಸಿಕ್ಕಿದ್ದು ಒಂದೇ ಬಲವಾದರೂ ಗುಮ್ಮಟದಾಕಾರದ ಬುರುಡೆಯ ಮುಂದೆ ಉದ್ದನೆಯ ತೆಳು ಮೂಳೆ ಸೋಲುತ್ತದೆ. ಮುರಿದ ಕೈಯಲ್ಲೇ ಆಟ ಮುಂದುವರಿಸಿದ ಕವಾದಾ, ಮಿಸಾವಾ ಅವರನ್ನು ತಲೆಕೆಳಗಾಗಿ ಸೊಂಟ ಹಿಡಿದೆತ್ತಿ ಹೆಗಲಿಗೇರಿಸಿ ಬೆನ್ನ ಮೇಲೆ ಕೆಡವಲು ಹೋದಾಗ ಪೂರ್ತಿ ಮೇಲೆತ್ತಲಾಗದೆ, ಮಿಸಾವಾ ನೇರವಾಗಿ ನೆತ್ತಿಯ ಮೇಲೆ ಇಳಿದರು. ಆಮೇಲೂ ಅವರು ಎದ್ದು ಆಡಿ ಸೋತರು. ಎದ್ದು ಆಡಿದ್ದೇ ಆ ಕಾಲದ ಅಳತೆಗೋಲಾಗಿತ್ತು. ಅದೇ ತಿಂಗಳ ಕೊನೆಯ ದಿನ ಜೈಂಟ್ ಬಾಬಾ ತೀರಿಕೊಂಡರು.

ಮಿಸಾವಾ ಅಧ್ಯಕ್ಷರಾದರು, ಬಾಬಾ ಅವರ ಪತ್ನಿಯೊಂದಿಗೆ ಹೊಂದದೆ 2000ದಲ್ಲಿ ಹೊರಬಂದು ಪ್ರೊ ರೆಸ್ಲಿಂಗ್ ನೋವಾ ಕಟ್ಟಿದರು. ಕವಾದಾ ಮತ್ತು ಮಸನೊಬು ಫುಚಿ ಇಬ್ಬರನ್ನು ಬಿಟ್ಟರೆ ಜಪಾನೀ ಪಟುಗಳು ಹೆಚ್ಚುಕಡಿಮೆ ಎಲ್ಲರೂ ಅವರ ಹಿಂದೆ ಬಂದರು. 2003ರ ಮಾರ್ಚ್ 1ರಂದು ಪ್ರವೇಶದ ವೇದಿಕೆಯ ಮೇಲಿಂದ ಕೊಬಾಶಿಯನ್ನು ಮಿಸಾವಾ ಹಿಂದಕ್ಕೆ ಎಸೆದದ್ದು ರಿಂಗಿನೊಳಕ್ಕಲ್ಲ, ಸಭಾಂಗಣದ ನೆಲಕ್ಕೆ. ಅಲ್ಲಿ ಬಾಗುವ ಹಲಗೆಯಿಲ್ಲ. ಆ ಪಂದ್ಯ ಗೆದ್ದದ್ದು ಕೊಬಾಶಿ! 2006ರಲ್ಲಿ ಕೊಬಾಶಿಗೆ ಮೂತ್ರಪಿಂಡದ ಕ್ಯಾನ್ಸರ್ ಎಂದು ತಿಳಿದ ಮೇಲೆ ಟಿಕೆಟು ಮಾರಬಲ್ಲ ಹೆಸರುಗಳು ಕಡಿಮೆಯಾದವು. 2009ರ ಮಾರ್ಚಿನಲ್ಲಿ ಟಿವಿ ಪ್ರಸಾರವೂ ನಿಂತಿತು. ನಲವತ್ತಾರರ ಅಧ್ಯಕ್ಷರು ನೋವಿನ ಮೈಯನ್ನು ಹೊತ್ತುಕೊಂಡು ಊರೂರು ಸುತ್ತುತ್ತಲೇ ಇದ್ದರು.

ಹಿರೋಶಿಮಾದಲ್ಲಿ ಗೊ ಶಿಯೊಜಾಕಿ ಅವರ ಜೊತೆಗಾರರಾಗಿ ಅಕಿತೊಶಿ ಸೈತೊ ಮತ್ತು ಬೈಸನ್ ಸ್ಮಿತ್ ವಿರುದ್ಧ ಆಡುತ್ತಿದ್ದಾಗ ಮಿಸಾವಾ ಅವರನ್ನು ಸೈತೊ ಹಿಂದಿನಿಂದ ಎತ್ತಿ ಎಸೆದರು. ಅಂಥ ಎಸೆತವನ್ನು ಮಿಸಾವಾ ಅದುವರೆಗೆ ಎಷ್ಟು ಬಾರಿ ತಿಂದಿದ್ದರೋ ಲೆಕ್ಕವಿಲ್ಲ. ಅಲ್ಲಾಡಲಾಗುತ್ತಿಲ್ಲವೆಂದು ರೆಫರಿಗೆ ಹೇಳಿ ಪ್ರಜ್ಞೆ ತಪ್ಪಿದರು. ಹೃದಯ ನಿಂತಿತ್ತು. ಎದೆಯೊತ್ತಿ, ವಿದ್ಯುತ್ ಆಘಾತದ ಯಂತ್ರ ತಂದು ಯತ್ನಿಸುವಾಗ ಪ್ರೇಕ್ಷಕರು ಅವರ ಹೆಸರನ್ನು ಕೂಗುತ್ತಿದ್ದರು. ರಾತ್ರಿ 10:10ಕ್ಕೆ ಆಸ್ಪತ್ರೆಯಲ್ಲಿ ಸಾವನ್ನು ದೃಢಪಡಿಸಲಾಯಿತು. ಕುತ್ತಿಗೆಯ ಭಾಗದಲ್ಲಿ ಮಿದುಳುಬಳ್ಳಿ ತುಂಡಾದದ್ದೇ ಕಾರಣವೆಂದು ಪೊಲೀಸರು ತಿಳಿಸಿದರು.

ಕತ್ತಿನ ಪೆಟ್ಟಿಗೆ ಹೃದಯ ಏಕೆ ನಿಲ್ಲಬೇಕು? ಉಸಿರಾಟದ ಮುಖ್ಯ ಸ್ನಾಯುವಾದ ವಪೆಗೆ ಹೋಗುವ ನರ ಹೊರಡುವುದು ಮಿದುಳುಬಳ್ಳಿಯ ಮೂರು, ನಾಲ್ಕು, ಐದನೆಯ ಕತ್ತಿನ ಖಂಡಗಳಿಂದ. ಅದಕ್ಕಿಂತ ಮೇಲೆ ಬಳ್ಳಿ ಕಡಿದರೆ ಉಸಿರು ಆ ಕ್ಷಣಕ್ಕೇ ನಿಲ್ಲುತ್ತದೆ. ಹೃದಯವನ್ನು ಚುರುಕುಗೊಳಿಸಿ ರಕ್ತನಾಳಗಳನ್ನು ಬಿಗಿಯಾಗಿಡುವ ಮಿದುಳಿನ ಆಜ್ಞೆಗಳೂ ಇದೇ ಬಳ್ಳಿಯಲ್ಲಿ ಇಳಿದು ಎದೆಯ ಭಾಗದಲ್ಲಿ ಹೊರಬೀಳುತ್ತವೆ. ಹೃದಯವನ್ನು ನಿಧಾನಿಸುವ ವೇಗಸ್ ನರ ಮಾತ್ರ ಬಳ್ಳಿಯನ್ನು ಹಾಯದೆ ತಲೆಯಿಂದ ನೇರ ಬರುತ್ತದೆ. ಕತ್ತು ಕಡಿದಾಗ ಚುರುಕುಗೊಳಿಸುವ ತಂತಿ ತುಂಡಾಗಿ ನಿಧಾನಿಸುವ ತಂತಿಯೊಂದೇ ಉಳಿಯುವುದರಿಂದ ರಕ್ತದೊತ್ತಡ ಕುಸಿದು ಬಡಿತ ಇಳಿಯುತ್ತದೆ.

ಸೈತೊ ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಸ್ನಾಯು ತರಬೇತಿಯಿಂದ ಬಲಿಯುತ್ತದೆ, ಮೂಳೆ ಪೆಟ್ಟು ತಿಂದಷ್ಟೂ ತನ್ನನ್ನು ಕಟ್ಟಿಕೊಳ್ಳಬಲ್ಲದು. ಮಣಿಗಳ ನಡುವಿನ ಡಿಸ್ಕುಗಳಿಗೆ ಮಾತ್ರ ನೇರ ರಕ್ತಪೂರೈಕೆ ಇಲ್ಲದಿರುವುದರಿಂದ ಅವುಗಳ ದುರಸ್ತಿ ಬಹಳ ನಿಧಾನ. ವರ್ಷಗಟ್ಟಲೆ ಹೊಡೆತ ತಿಂದ ಕತ್ತಿನಲ್ಲಿ ಡಿಸ್ಕು ಸವೆದು, ಅಂಚುಗಳಲ್ಲಿ ಮೂಳೆ ಮುಳ್ಳಿನಂತೆ ಬೆಳೆದು, ಬಳ್ಳಿ ಹಾದುಹೋಗುವ ಕೊಳವೆ ಕಿರಿದಾಗುವುದುಂಟು. ಅಂಥ ಕತ್ತಿಗೆ ಹಳೆಯ ಎಸೆತವೂ ಹಳೆಯದಾಗಿರುವುದಿಲ್ಲ.

ಮಿಸಾವಾ ಜೊತೆಗೆ ಆಲ್ ಜಪಾನ್ ಬಿಟ್ಟು ನೋವಾಕ್ಕೆ ಬಂದವರಲ್ಲಿ ಯೊಶಿಹಿರೊ ತಕಯಾಮಾ ಎಂಬ ನೀಳಕಾಯದ ಪಟುವೂ ಒಬ್ಬರು. 2017ರ ಮೇ 4ರ ಪಂದ್ಯವೊಂದರಲ್ಲಿ ಅವರನ್ನು ಯಾರೂ ಎಸೆಯಲಿಲ್ಲ. ಎದುರಾಳಿಯ ಮೇಲಿಂದ ತಾವೇ ಮುಂದಕ್ಕೆ ಉರುಳಿ ಅವನನ್ನು ಮಗುಚುವ, ಎಲ್ಲರೂ ಮಾಡುವ ಸಾಮಾನ್ಯ ಪಟ್ಟನ್ನು ಹಾಕುವಾಗ ನೆತ್ತಿ ನೆಲಕ್ಕೆ ತಗುಲಿತು. ಕತ್ತಿನಿಂದ ಕೆಳಗೆ ಅವರ ದೇಹ ಸ್ವಾಧೀನ ತಪ್ಪಿತು.