ಮದ್ದು ಕುಡಿಯದವರ ಲೆಕ್ಕ ಎಲ್ಲಿ?

ಮಳೆಗಾಲದಲ್ಲಿ ಉಡುಪಿ, ಮಂಗಳೂರಿನ ಕಡೆ ಯಾರದ್ದಾದರೂ ಕಣ್ಣು ಹಳದಿಯಾದರೆ ಸಾಕು, ಸಲಹೆ ಕೊಡುವವರಿಗೆ ಬರವಿಲ್ಲ. "ಇಂಥ ಊರಲ್ಲಿ ನಾಟಿ ಮದ್ದು ಕೊಡ್ತಾರೆ ಮಾರಾಯ್ರೆ, ಮೂರು ದಿನ ಬೆಳಿಗ್ಗೆ ಖಾಲಿ ಹೊಟ್ಟೆಗೆ. ಮೀನು, ಎಣ್ಣೆ ಮುಟ್ಟಬಾರದು, ಗಂಜಿ ಊಟ. ನಮ್ಮ ಮಾವನಿಗೆ ಅದರಲ್ಲೇ ಗುಣ ಆದದ್ದು." ಮಾವ ಮದ್ದು ಕುಡಿದದ್ದು ನಿಜ. ಗುಣವಾದದ್ದೂ ನಿಜ. ಕುಡಿದದ್ದರಿಂದಲೇ ಗುಣವಾಯಿತಾ? ವೈದ್ಯಕೀಯ ಸಂಶೋಧನೆಯಲ್ಲಿ ಸಂಖ್ಯಾಶಾಸ್ತ್ರಕ್ಕೆ ಕೆಲಸ ಶುರುವಾಗುವುದು ಇಲ್ಲಿಂದ.

ನೀರಿನಿಂದ ಬರುವ ಕಾಮಾಲೆಗೆ ಮುಖ್ಯ ಕಾರಣ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳು. ಇವು ಬಂದವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ತಾವಾಗಿಯೇ ಸುಧಾರಿಸಿಕೊಳ್ಳುತ್ತಾರೆ. ನಾಟಿ ಮದ್ದು ಕುಡಿದ ನೂರು ಜನರಲ್ಲಿ 97 ಜನ ಗುಣವಾದರು ಅಂತಿಟ್ಟುಕೊಳ್ಳಿ. ಭಾರೀ ಸಂಖ್ಯೆ, ಅಲ್ವಾ? ಆದರೆ ಸುಮ್ನೆ ಗಂಜಿ ಉಂಡು ಮಲಗಿದ ನೂರು ಜನರಲ್ಲೂ 97 ಜನ ಗುಣವಾಗಿದ್ದರೆ ಮದ್ದಿನ ಪಾಲು ಸೊನ್ನೆ. ಅವರಲ್ಲಿ 80 ಜನ ಮಾತ್ರ ಗುಣವಾಗಿದ್ದರೆ ಮದ್ದಿನಲ್ಲಿ ಏನೋ ಉಂಟು. ಬರೀ 97 ಹಿಡಿದುಕೊಂಡು ಇದಾ ಅದಾ ಅಂತ ಹೇಳಲು ಬರುವುದಿಲ್ಲ.

ಆ 97 ಕೂಡ ಎಷ್ಟು ಸರಿ ಅನ್ನುವುದು ಇನ್ನೊಂದು ವಿಷಯ. ಗುಣವಾದವರು ಹಣ್ಣು-ತೆಂಗಿನಕಾಯಿ ಹಿಡಿದುಕೊಂಡು ಮದ್ದು ಕೊಟ್ಟವರನ್ನು ನೋಡಲು ಹೋಗುತ್ತಾರೆ. ಜೋರಾದವರು ಹೋಗುವುದು ಮಂಗಳೂರಿನದ್ದೋ ಮಣಿಪಾಲದ್ದೋ ಐಸಿಯುಗೆ. ಮದ್ದು ಕೊಟ್ಟವರಿಗೆ ಇವರ ಸುದ್ದಿಯೇ ಸಿಗುವುದಿಲ್ಲ. ಅತ್ತ ಆಸ್ಪತ್ರೆಯ ಡಾಕ್ಟರಿಗೆ ಕಾಣುವುದು ಬರೀ ಕೆಟ್ಟ ಕೇಸುಗಳು. "ನಾಟಿ ಮದ್ದು ಕುಡಿದವರೆಲ್ಲ ಲಿವರ್ ಹಾಳುಮಾಡಿಕೊಂಡೇ ಬರ್ತಾರೆ" ಅಂತ ಅವರು ಅಂದರೆ ಅದೂ ಅರ್ಧ ಲೆಕ್ಕವೇ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ತಮ್ಮ ಬಾಗಿಲಿಗೆ ಬಂದವರನ್ನು ಮಾತ್ರ ಎಣಿಸುತ್ತಿದ್ದಾರೆ.

ಹಾಗಾದರೆ ಕುಡಿದವರನ್ನೂ ಕುಡಿಯದವರನ್ನೂ ಹುಡುಕಿ ಹೋಲಿಸಿದರೆ ಆಯಿತಲ್ಲ? ಅಷ್ಟು ಸಲೀಸಲ್ಲ. ಕಾಯಿಲೆ ಹಗುರಾಗಿದ್ದವರೇ ಹೆಚ್ಚಾಗಿ ನಾಟಿ ಮದ್ದಿಗೆ ಹೋಗಿರಬಹುದು. ಆಗ ಎರಡು ಗುಂಪು ಮೊದಲಿನಿಂದಲೇ ಬೇರೆ ಬೇರೆ. ಇದಕ್ಕೆ ಇರುವ ದಾರಿ ಚೀಟಿ ಎತ್ತುವುದು. ಯಾರಿಗೆ ಮದ್ದು, ಯಾರಿಗೆ ಇಲ್ಲ ಅನ್ನುವುದನ್ನು ರೋಗಿಯೂ ಡಾಕ್ಟರೂ ತೀರ್ಮಾನಿಸಬಾರದು, ಅದೃಷ್ಟ ತೀರ್ಮಾನಿಸಬೇಕು.

ಬ್ರಿಟನ್ನಿನಲ್ಲಿ ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೋಮೈಸಿನ್ ಬಂತು. ಆದರೆ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಇದ್ದಷ್ಟನ್ನು ಹಂಚುವಾಗ ಆಸ್ಟಿನ್ ಬ್ರಾಡ್‌ಫೋರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು ಯಾರು ಯಾವ ಗುಂಪು ಅನ್ನುವ ಚೀಟಿ ಒಳಗಿದ್ದ ಮುಚ್ಚಿದ ಲಕೋಟೆಗಳ ವ್ಯವಸ್ಥೆ ಮಾಡಿದರು. 55 ರೋಗಿಗಳಿಗೆ ಔಷಧಿ ಮತ್ತು ವಿಶ್ರಾಂತಿ, 52 ಜನರಿಗೆ ವಿಶ್ರಾಂತಿ ಮಾತ್ರ. ಎಕ್ಸ್‌ರೇ ನೋಡಿದ ತಜ್ಞರಿಗೆ ಯಾವ ರೋಗಿ ಯಾವ ಗುಂಪು ಅನ್ನುವುದೂ ತಿಳಿದಿರಲಿಲ್ಲ. ಆರು ತಿಂಗಳಲ್ಲಿ ಔಷಧಿ ಪಡೆದವರಲ್ಲಿ 4 ಜನ ತೀರಿಕೊಂಡರು, ಉಳಿದವರಲ್ಲಿ 14. ಫಲಿತಾಂಶ 1948ರಲ್ಲಿ ಪ್ರಕಟವಾಯಿತು.

ಇದು ಬರೀ ಅದೃಷ್ಟದ ಆಟ ಆಗಿರಬಾರದೇಕೆ? ಮನೆಯಲ್ಲೇ ಪರೀಕ್ಷಿಸಬಹುದು. 107 ಚೀಟಿ ಮಾಡಿ. ಅವುಗಳಲ್ಲಿ 18 ಚೀಟಿಗಳ ಮೇಲೆ ಅಡ್ಡಗೆರೆ ಎಳೆಯಿರಿ, ಅವು ಎರಡೂ ಗುಂಪಿನ ಸಾವುಗಳು. ಡಬ್ಬಕ್ಕೆ ಹಾಕಿ ಚೆನ್ನಾಗಿ ಕಲಕಿ, ಕಣ್ಣುಮುಚ್ಚಿ 55 ಎತ್ತಿ. ಔಷಧಿಗೆ ಏನೂ ಗುಣವಿಲ್ಲದಿದ್ದರೆ ಆಗುತ್ತಿದ್ದದ್ದು ಇಷ್ಟೇ: ಗೆರೆಯ ಚೀಟಿಗಳು ಸುಮಾರಾಗಿ ಅರ್ಧರ್ಧ, ಅಂದರೆ ಒಂಬತ್ತರ ಆಸುಪಾಸಿನಲ್ಲಿ ಕೈಗೆ ಬರುತ್ತವೆ. ನಾಲ್ಕೋ ಅದಕ್ಕಿಂತ ಕಡಿಮೆಯೋ ಬರುವುದು ನೂರು ಸಲದಲ್ಲಿ ಒಂದಕ್ಕಿಂತಲೂ ಅಪರೂಪ. ಎಲ್ಲರನ್ನೂ ಹೆದರಿಸುವ 'ಪಿ-ಮೌಲ್ಯ'ದ ಒಳಗಿರುವುದು ಇದೇ ಚೀಟಿ ಲೆಕ್ಕ. ಔಷಧಿ ಕೆಲಸ ಮಾಡುವ ಸಾಧ್ಯತೆ ಶೇಕಡಾ 99 ಅಂತ ಇದಕ್ಕೆ ಅರ್ಥ ಕಟ್ಟುವವರು ತುಂಬಾ ಜನ, ಓದಿದವರೂ ಸೇರಿ. ಔಷಧಿ ಕೆಲಸವೇ ಮಾಡದಿದ್ದರೆ ಇಷ್ಟು ದೊಡ್ಡ ಅಂತರ ಕಾಣುವುದು ಎಷ್ಟು ಅಪರೂಪ, ಅಷ್ಟನ್ನು ಮಾತ್ರ ಅದು ಹೇಳುತ್ತದೆ.

ಇನ್ನು ನೆಲನೆಲ್ಲಿಯ ಕಥೆ. ಕಾಮಾಲೆಯ ಮದ್ದು ಅಂದಾಗ ನಮ್ಮಲ್ಲಿ ಮೊದಲು ನೆನಪಾಗುವ ಗಿಡಗಳಲ್ಲಿ ಅದೂ ಒಂದು. ಮದ್ರಾಸಿನ ಸಂಶೋಧಕರು ಅದನ್ನು ಪರೀಕ್ಷಿಸಿ 1988ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಹೆಪಟೈಟಿಸ್ ಬಿ ವೈರಸ್ ಮೈಯಲ್ಲಿ ನೆಲೆಸಿದ್ದವರಲ್ಲಿ, ನೆಲನೆಲ್ಲಿ ತೆಗೆದುಕೊಂಡ 37 ಜನರ ಪೈಕಿ 22 ಜನರ ರಕ್ತದಲ್ಲಿ ವೈರಸ್‌ನ ಗುರುತು ಮಾಯವಾಗಿತ್ತು. ಹುಸಿ ಗುಳಿಗೆ ತೆಗೆದುಕೊಂಡ 23 ಜನರಲ್ಲಿ ಮಾಯವಾದದ್ದು ಒಬ್ಬರಿಗೆ. ಚೀಟಿ ಲೆಕ್ಕಕ್ಕೆ ಹಾಕಿದರೆ ಅದೃಷ್ಟದ ಮಾತೇ ಬರುವುದಿಲ್ಲ. ಆದರೂ ಥಾಯ್ಲೆಂಡಿನಲ್ಲಿ ಮತ್ತೆ ಪರೀಕ್ಷಿಸಿದಾಗ ಅಂಥ ಫಲ ಕಾಣಲಿಲ್ಲ. ಒಂದು ಅಧ್ಯಯನ, ಅದೂ ಚಿಕ್ಕದು, ಎಷ್ಟೇ ಚಂದದ ಅಂಕಿ ಕೊಟ್ಟರೂ ಇನ್ನೊಬ್ಬರ ಕೈಯಲ್ಲಿ ಮತ್ತೆ ಬರುವ ತನಕ ಕಾಯಬೇಕು. ಅದೂ ಅಲ್ಲದೆ ಆ ಪರೀಕ್ಷೆ ನಡೆದದ್ದು ಬಿ ವೈರಸ್‌ನ ಮೇಲೆ. ವಾಟ್ಸ್‌ಆ್ಯಪಿನಲ್ಲಿ ಇಂಥದ್ದನ್ನೆಲ್ಲ ಮಳೆಗಾಲದ ಕಾಮಾಲೆಗೆ ಅಂಟಿಸಿ ಕಳಿಸುವುದು ನೋಡಿದರೆ ಸಿಟ್ಟು ಬರುತ್ತದೆ.

'ಹೆಚ್ಚಿನವರು ತಾವಾಗಿಯೇ ಸುಧಾರಿಸಿಕೊಳ್ಳುತ್ತಾರೆ' ಅಂತ ನಾನೇ ಮೇಲೆ ಬರೆದೆನಲ್ಲ, ಅದು ಎಲ್ಲರನ್ನೂ ಒಟ್ಟಿಗೆ ಸೇರಿಸಿ ಹೇಳಿದ ಮಾತು. ಗುಂಪು ಬಿಡಿಸಿ ನೋಡಿದರೆ ಚಿತ್ರ ಬೇರೆ. ಗರ್ಭಿಣಿಯರಿಗೆ ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ಬಂದರೆ ನೂರರಲ್ಲಿ 20ರಿಂದ 25 ಜನರ ತನಕ ಜೀವ ಹೋಗಬಹುದು. ಆರೋಗ್ಯವಂತ ಮಾವನ ಲೆಕ್ಕ ತುಂಬು ಬಸುರಿ ಸೊಸೆಗೆ ಹೊಂದುವುದಿಲ್ಲ. ಅವಳ ಕಣ್ಣು ಹಳದಿಯಾದರೆ ಮೂರು ಬೆಳಿಗ್ಗೆಯ ಮದ್ದು ಮುಗಿಯಲಿ ಅಂತ ಕಾಯಬೇಡಿ, ಆವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.