ಸಿಟ್ಟಿನ ಮಗುವಿಗೆ ಪುಸ್ತಕ ಕೊಟ್ಟರೆ ಸಾಕಾ?

ಪ್ರಶ್ನೆ: ಐದು ವರ್ಷದ ಮಗಳಿಗೆ ಸಿಟ್ಟು ಜಾಸ್ತಿ. ಸಿಟ್ಟಿನ ಬಗ್ಗೆ ಇರುವ ಮಕ್ಕಳ ಪುಸ್ತಕ ಓದಿ ಹೇಳಿದರೆ ಪ್ರಯೋಜನ ಇದೆಯಾ? ಇಲ್ಲಾ, ಕೌನ್ಸೆಲರ್‌ಗಳಿಗೆ ಅಂತ ಬರೆದ ಪುಸ್ತಕವನ್ನೇ ನಾನು ತರಿಸಿ ಓದಲಾ?

ಪ್ರಯೋಜನ ಇದೆ. ಆದರೆ ಪುಸ್ತಕಕ್ಕಿಂತ ಜಾಸ್ತಿ ಕೆಲಸ ಮಾಡುವುದು, ಓದುವಾಗ ನಿಮ್ಮಿಬ್ಬರ ನಡುವೆ ನಡೆಯುವ ಮಾತು.

ಹೆಚ್ಚಿನವರು ಎಡವುವುದು ಹೊತ್ತಿನ ವಿಷಯದಲ್ಲಿ. ಮಗು ಕಿರುಚಿ, ಆಟಿಕೆ ಎಸೆದು, ಅತ್ತು ಇನ್ನೂ ಬಿಕ್ಕುತ್ತಿರುವಾಗಲೇ ನೀವು ಪುಸ್ತಕ ಹಿಡಿದು ಕೂತರೆ ಅದು ಕತೆ ಅಲ್ಲ, ಶಿಕ್ಷೆ. ಮಲಗುವ ಮುಂಚೆಯೋ, ಮಗು ಖುಷಿಯಾಗಿದ್ದಾಗಲೋ ಓದಿ. ಅಣ್ಣ ಕಟ್ಟಿದ ಗೋಪುರವನ್ನು ತಂಗಿ ಬೀಳಿಸಿದ ಪುಟ ಬಂತು ಅಂದುಕೊಳ್ಳಿ. ಅಲ್ಲೇ ನಿಲ್ಲಿಸಿ, ಅವನ ಮುಷ್ಟಿ ನೋಡು, ಹುಬ್ಬು ನೋಡು, ಈಗ ಅವನಿಗೆ ಏನನ್ನಿಸುತ್ತಿರಬಹುದು ಅಂತ ಕೇಳಿ ಸುಮ್ಮನಿದ್ದುಬಿಡಿ. ಉತ್ತರ ಬರದಿದ್ದರೂ ಪರವಾಗಿಲ್ಲ. "ನೀನೂ ನಿನ್ನೆ ಹೀಗೇ ಮಾಡಿದೆ ಅಲ್ವಾ?" ಅಂದಿರೋ, ಮುಗಿಯಿತು.

ಭಾವನೆಗೆ ಹೆಸರಿಡುವುದು ಬರೀ ಮಾತಿನ ಆಟವಲ್ಲ. 2007ರಲ್ಲಿ ಅಮೆರಿಕದ ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ ಅವರ ತಂಡ ಮೆದುಳಿನ ಸ್ಕ್ಯಾನ್ ಮಾಡುತ್ತಾ ಜನರಿಗೆ ಸಿಟ್ಟು, ಭಯದ ಮುಖಗಳನ್ನು ತೋರಿಸಿತು. ಆ ಭಾವನೆಯ ಹೆಸರನ್ನು ಆರಿಸಿದಾಗ ಭಯ, ಸಿಟ್ಟಿನಂಥ ಭಾವನೆಗೆ ಸ್ಪಂದಿಸುವ ಮೆದುಳಿನ ಭಾಗವಾದ ಅಮಿಗ್ಡಲಾದ ಚಟುವಟಿಕೆ ಇಳಿಯಿತು. ಅದು ದೊಡ್ಡವರ ಮೇಲೆ ನಡೆದ ಪ್ರಯೋಗ, ಹಾಗಾಗಿ ಪುಸ್ತಕದಿಂದ ಪವಾಡ ನಿರೀಕ್ಷಿಸಬೇಡಿ.

ಯಾವ ಪುಸ್ತಕ? ಕೊನೇ ಪುಟದಲ್ಲಿ ದೊಡ್ಡವರೊಬ್ಬರು ಬಂದು ಬುದ್ಧಿ ಹೇಳುವ ಪುಸ್ತಕ ನನಗಂತೂ ಇಷ್ಟವಿಲ್ಲ. ಪಾತ್ರಗಳು ಮನುಷ್ಯರೇ ಆಗಿದ್ದರೆ ಒಳ್ಳೆಯದು. ಟೊರಾಂಟೊದ ಸಂಶೋಧಕರು 4ರಿಂದ 6 ವರ್ಷದ ಮಕ್ಕಳಿಗೆ ಹಂಚಿಕೊಳ್ಳುವ ಕತೆಯೊಂದನ್ನು ಓದಿ ಹೇಳಿದ್ದರು, 2017ರಲ್ಲಿ ಪ್ರಕಟವಾದ ಅಧ್ಯಯನ ಅದು. ಮನುಷ್ಯರ ಚಿತ್ರಗಳಿದ್ದ ಕತೆ ಕೇಳಿದವರು ಆಮೇಲೆ ಜಾಸ್ತಿ ಸ್ಟಿಕರ್ ಹಂಚಿದರು, ಅದೇ ಕತೆ ಬಟ್ಟೆ ತೊಟ್ಟ ಪ್ರಾಣಿಗಳದ್ದಾದಾಗ ಹಾಗಾಗಲಿಲ್ಲ.

ಇನ್ನು ವೃತ್ತಿಪರರ ಪುಸ್ತಕ. ಓದಬಾರದು ಅಂತೇನಿಲ್ಲ. ಆದರೆ ಅದರಲ್ಲಿರುವ ಲಕ್ಷಣಗಳ ಪಟ್ಟಿ ಹಿಡಿದು ಮಗುವಿಗೆ ಟಿಕ್ ಹಾಕಲು ಹೋಗಬೇಡಿ, ಎಲ್ಲವೂ ಹೊಂದುತ್ತದೆ! ಗಮನ ನಿಲ್ಲದ, ಅತಿಯಾಗಿ ಚಡಪಡಿಸುವ ತೊಂದರೆಯಾದ ಎಡಿಎಚ್‌ಡಿಯನ್ನೇ ತಗೊಳ್ಳಿ: ಲಕ್ಷಣ ಕನಿಷ್ಠ 6 ತಿಂಗಳು ಇರಬೇಕು, ಒಂದೇ ಕಡೆ ಅಲ್ಲ, ಮನೆ ಮತ್ತು ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು, ವಯಸ್ಸಿಗೆ ಸಹಜವಾದ ಚಡಪಡಿಕೆಗಿಂತ ಬೇರೆಯಾಗಿರಬೇಕು. ಇದನ್ನೆಲ್ಲ ತೂಗಿ ನೋಡುವವರಿಗಾಗಿ ಬರೆದ ಪುಸ್ತಕ ಅದು. ನಿಮಗೆ ಬೇಕಿದ್ದರೆ ಪೋಷಕರಿಗೆ ಅಂತಲೇ ಬರೆದದ್ದು ಸಿಗುತ್ತದೆ.

ಸಿಟ್ಟಿನಿಂದ ನಿದ್ದೆ, ಊಟ, ಶಾಲೆ ವಾರಗಟ್ಟಲೆ ಕೆಡುತ್ತಿದ್ದರೆ, ಮಗು ತನಗೋ ಬೇರೆಯವರಿಗೋ ಪೆಟ್ಟು ಮಾಡಿಕೊಳ್ಳುವಂತಿದ್ದರೆ, ಪುಸ್ತಕ ಪಕ್ಕಕ್ಕಿಟ್ಟು ಮಕ್ಕಳ ವೈದ್ಯರನ್ನೋ ಮನೋವೈದ್ಯರನ್ನೋ ಕಾಣಿ. ಸಿಟ್ಟು ಯಾವಾಗ ಬಂತು, ಯಾವುದಕ್ಕೆ, ಎಷ್ಟು ಹೊತ್ತು ಇತ್ತು ಅಂತ ಬರೆದುಕೊಂಡ ಚೀಟಿ ಜೊತೆಗಿರಲಿ.